ಡ್ರ್ಯಾಗನ್‌ಫ್ಲೈ ಎಂಜಿನ್: 340 ಎಚ್‌ಪಿ ಎಲ್ಲಿ ಹೋಯಿತು? ಕ್ರ್ಯಾಂಕ್‌ಶಾಫ್ಟ್ ಯಾಕೆ ಮುರಿಯಿತು?

ಗಾಳಿಪಟ_73
ಮೊದಲ ಮಹಾಯುದ್ಧದ ಕೊನೆಯ ವರ್ಷದ ಎರಡು ಬ್ರಿಟಿಷ್ ಎಂಜಿನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ. ಲೆಕ್ಕ ತಾಳೆಯಾಗುತ್ತಿಲ್ಲ.

ಬೆಂಟ್ಲಿ ಬಿ.ಆರ್.2: 9 ಸಿಲಿಂಡರ್, ಬೋರ್ (ಸಿಲಿಂಡರಿನ ಒಳ ಅಗಲ) 140 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 180 ಮಿ.ಮೀ., ಒಟ್ಟು 24.9 ಲೀಟರ್. ನಿಮಿಷಕ್ಕೆ 1,300 ಸುತ್ತಿನ ಆಸುಪಾಸಿನಲ್ಲಿ 230 ಎಚ್‌ಪಿ. ಸಾಪ್‌ವಿತ್ ಸ್ನೈಪ್ ಫೈಟರ್ ವಿಮಾನಕ್ಕೆ ಕೂತದ್ದು ಇದು.

ಎಬಿಸಿ ಡ್ರ್ಯಾಗನ್‌ಫ್ಲೈ: ಅದಕ್ಕೂ 9 ಸಿಲಿಂಡರ್, ಬೋರ್ ಐದೂವರೆ ಇಂಚು, ಸ್ಟ್ರೋಕ್ ಆರೂವರೆ ಇಂಚು, 22.8 ಲೀಟರ್. ಬೆಂಟ್ಲಿಗಿಂತ ಚಿಕ್ಕದು. ಆದರೂ 1,650 ಸುತ್ತಿಗೆ 340 ಎಚ್‌ಪಿ, ತೂಕ 600 ಪೌಂಡ್ ಅಂತ ಭರವಸೆ.

ವಿನ್ಯಾಸಕಾರ ಗ್ರ್ಯಾನ್‌ವಿಲ್ ಬ್ರಾಡ್‌ಶಾ ಕೊಟ್ಟ ಈ ಅಂಕಿ ನಂಬಿ 13 ಕಂಪನಿಗಳಿಗೆ 11,000ಕ್ಕೂ ಹೆಚ್ಚು ಎಂಜಿನ್‌ಗಳ ಆರ್ಡರ್ ಹೋಯಿತು. ತಯಾರಾದದ್ದು ಸುಮಾರು 1,100. ಅವೂ ಹಾರಾಟಕ್ಕೆ ನಂಬುವ ಹಾಗಿರಲಿಲ್ಲ, ಕೆಲವೇ ಗಂಟೆ ಓಡಿದ ಮೇಲೆ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳ ಒದೆತವನ್ನು ಸುತ್ತಾಗಿ ಬದಲಿಸುವ ಶಾಫ್ಟ್) ಮುರಿಯುತ್ತಿತ್ತು.

ನನ್ನ ಪ್ರಶ್ನೆ ಎರಡು. ಮುರಿಯಲು ನಿಜವಾದ ಕಾರಣ ಏನು? ಚೆನ್ನಾಗಿ ಓಡುತ್ತಿದ್ದ ರೋಟರಿಯನ್ನೇ ಇನ್ನಷ್ಟು ದೊಡ್ಡದು ಮಾಡದೆ ಇದರ ಬೆನ್ನು ಹತ್ತಿದ್ದು ಯಾಕೆ?

ಹಳೇಸ್ಪ್ಯಾನರ್
ಮೊದಲನೆಯದಕ್ಕೆ ಉತ್ತರ: ಟಾರ್ಷನಲ್ ವೈಬ್ರೇಶನ್, ತಿರುಚು ಕಂಪನ.

ಒದ್ದೆ ಪಂಚೆ ಹಿಂಡುವಾಗ ಒಂದು ತುದಿ ಹಿಡಿದು ಇನ್ನೊಂದು ತುದಿ ತಿರುಚುತ್ತೇವಲ್ಲ, ಉಕ್ಕಿನ ಶಾಫ್ಟ್ ಕೂಡ ಹಾಗೇ ತಿರುಚಿ ವಾಪಸ್ ಬರುತ್ತದೆ, ಕಣ್ಣಿಗೆ ಕಾಣದಷ್ಟು. ಒಂದು ತುದಿಯಲ್ಲಿ ಭಾರದ ಪ್ರೊಪೆಲ್ಲರ್, ಇನ್ನೊಂದು ಕಡೆ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್‌ಗಳ ಒದೆತ. ಹೀಗೆ ಹಿಂದೆಮುಂದೆ ತಿರುಚಿಕೊಳ್ಳಲು ಪ್ರತಿ ಶಾಫ್ಟಿಗೂ ಅದರದೇ ಆದ ಒಂದು ಲಯ ಇರುತ್ತದೆ. 9 ಸಿಲಿಂಡರಿನ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ನಾಲ್ಕೂವರೆ ಸಿಡಿತ. 1,650 ಸುತ್ತಿಗೆ ನಿಮಿಷಕ್ಕೆ 7,425, ಸೆಕೆಂಡಿಗೆ ಸುಮಾರು 124 ಒದೆತ. ಅದರ ಜೊತೆಗೆ ಅದರ ಗುಣಕಗಳು ಬೇರೆ. ಇವುಗಳಲ್ಲಿ ಯಾವುದಾದರೂ ಶಾಫ್ಟಿನ ಸ್ವಂತ ಲಯಕ್ಕೆ ಕೂಡಿಕೊಂಡರೆ ಪ್ರತಿ ಒದೆತಕ್ಕೂ ತಿರುಚು ಬೆಳೆಯುತ್ತಾ ಹೋಗುತ್ತದೆ. ಡ್ರ್ಯಾಗನ್‌ಫ್ಲೈನ ದುರ್ದೈವ ಅಂದರೆ, ಹಾಗೆ ಕೂಡಿಕೊಂಡದ್ದು ಅದು ಸದಾ ಓಡಬೇಕಾದ ವೇಗದಲ್ಲೇ. ಬೇರೆ ವೇಗದಲ್ಲಿ ಕೂಡಿದ್ದರೆ ಪೈಲಟ್ ಥ್ರಾಟಲ್ ಒತ್ತಿ ಬೇಗ ದಾಟಿಬಿಡಬಹುದಿತ್ತು.

ಪುಟ್ಟಪ್ರೊಪೆಲ್ಲರ್
ಒಂದು ಅನುಮಾನ. ರೋಟರಿ, ರೇಡಿಯಲ್ ಎರಡೂ ಒಂದೇ ಅಲ್ವಾ? ಫೋಟೋದಲ್ಲಿ ಎರಡೂ ನಕ್ಷತ್ರದ ಹಾಗೇ ಕಾಣ್ತವೆ.

ಸ್ಲೈಡ್‌ರೂಲ್
ಅಲ್ಲ. ರೇಡಿಯಲ್‌ನಲ್ಲಿ ಸಿಲಿಂಡರ್‌ಗಳು ನಿಂತಿರುತ್ತವೆ, ಕ್ರ್ಯಾಂಕ್‌ಶಾಫ್ಟ್ ತಿರುಗುತ್ತದೆ. ರೋಟರಿಯಲ್ಲಿ ಕ್ರ್ಯಾಂಕ್‌ಶಾಫ್ಟನ್ನು ವಿಮಾನದ ಮೂತಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ, ಇಡೀ ಎಂಜಿನ್ನೇ ಪ್ರೊಪೆಲ್ಲರ್ ಜೊತೆ ಗಿರ್ರನೆ ಸುತ್ತುತ್ತದೆ. ಬೆಂಟ್ಲಿ, ಕ್ಲರ್ಜೆ, ಲ ರೋನ್, ನೋಮ್ ರೋಟರಿಗಳು. ಡ್ರ್ಯಾಗನ್‌ಫ್ಲೈ, ಜುಪಿಟರ್, ಜಾಗ್ವಾರ್ ರೇಡಿಯಲ್‌ಗಳು.

ಸ್ಲೈಡ್‌ರೂಲ್
ಈಗ ಮೂಲ ಪ್ರಶ್ನೆಗೆ. 340ರ ಅಂಕಿಯನ್ನು ಆಗಲೇ ಹತ್ತು ನಿಮಿಷ ಕೂತು ಪರೀಕ್ಷಿಸಬಹುದಿತ್ತು. ಎಚ್‌ಪಿ, ಲೀಟರ್, ಸುತ್ತು ಮೂರೂ ಗೊತ್ತಿದ್ದರೆ ಸಿಲಿಂಡರಿನೊಳಗಿನ ಸರಾಸರಿ ಒತ್ತಡ ಸಿಗುತ್ತದೆ.

ಡ್ರ್ಯಾಗನ್‌ಫ್ಲೈ 340 ಎಚ್‌ಪಿ ಕೊಡಬೇಕಾದರೆ ಸರಾಸರಿ ಒತ್ತಡ 8.1 ಬಾರ್ ಬೇಕು. ನಿಜವಾಗಿ ಅದು ಕೊಟ್ಟದ್ದು 295ರ ಸುಮಾರು, ಅಂದರೆ 7.0 ಬಾರ್. ಬಿ.ಆರ್.2 ಕೊಡುತ್ತಿದ್ದುದು ಸುಮಾರು 6.4. ಗಾಳಿಯಿಂದ ತಣಿಯುವ, ಉಕ್ಕಿನ ಸಿಲಿಂಡರಿನ, 1917ರ ಪೆಟ್ರೋಲ್ ಕುಡಿಯುವ ಎಂಜಿನ್‌ಗೆ 8.1 ಬಾರ್ ಅಂದರೆ ಕೇಳಿದ ತಕ್ಷಣ ಹುಬ್ಬು ಏರಬೇಕು. ತೂಕವೂ 600ರಲ್ಲಿ ನಿಲ್ಲಲಿಲ್ಲ.

ರೋಟರಿಯನ್ನು ಯಾಕೆ ಬೆಳೆಸಲಿಲ್ಲ ಅಂದರೆ, ಸಿಲಿಂಡರ್‌ಗಳು ಗಾಳಿಯನ್ನು ಕಡೆಯುತ್ತವಲ್ಲ, ಅದಕ್ಕೆ ಖರ್ಚಾಗುವ ಶಕ್ತಿ ಸುತ್ತಿನ ಘನಕ್ಕೆ ತಕ್ಕಂತೆ ಏರುತ್ತದೆ. 1,300ರಿಂದ 1,650ಕ್ಕೆ ಹೋದರೆ ಆ ನಷ್ಟ ಎರಡು ಪಟ್ಟು. ಸಿಲಿಂಡರನ್ನು ಹೊರಕ್ಕೆ ಎಳೆಯುವ ಬಲ ಒಂದೂವರೆ ಪಟ್ಟಿಗೂ ಜಾಸ್ತಿ. ವೇಗ ಏರಿಸಲಾಗದಿದ್ದರೆ ಗಾತ್ರ ಹೆಚ್ಚಿಸಬೇಕು, ಗಾತ್ರ ಹೆಚ್ಚಿದರೆ ಗೈರೋ ಬಲ (ಸುತ್ತುವ ಭಾರ ವಿಮಾನ ತಿರುಗುವಾಗ ಪಕ್ಕಕ್ಕೆ ಎಳೆಯುವ ಬಲ) ಹೆಚ್ಚುತ್ತದೆ. ಬಿ.ಆರ್.2 ಹೊತ್ತಿಗೆ ರೋಟರಿಯ ದಾರಿ ಮುಗಿದಿತ್ತು.

ಚಕ್ರವ್ಯೂಹ
ಜರ್ಮನ್ನರು ಅದಕ್ಕೂ ಉಪಾಯ ಕಂಡಿದ್ದರು. ಸೀಮೆನ್ಸ್ ಎಸ್‌ಎಚ್.3ರಲ್ಲಿ ಸಿಲಿಂಡರ್‌ಗಳು ಒಂದು ದಿಕ್ಕಿಗೆ, ಕ್ರ್ಯಾಂಕ್‌ಶಾಫ್ಟ್ ಎದುರು ದಿಕ್ಕಿಗೆ.

ಹಳೇಸ್ಪ್ಯಾನರ್
ಗಿಯರ್ ಹೆಚ್ಚು, ಕೆಲಸ ಹೆಚ್ಚು. ಬ್ರಿಟನ್ನಿನಲ್ಲಿ ಇದ್ದ ಗಿಯರ್‌ಗಳೇ ಆಗ ಸರಿಯಾಗಿ ಹದವಾಗಿ ಬರುತ್ತಿರಲಿಲ್ಲ.

ಕಡತ
ತಪ್ಪು ಬ್ರಾಡ್‌ಶಾದಲ್ಲ ಅಂತ ನನ್ನ ವಾದ. ವಿನ್ಯಾಸಕಾರರು ಯಾವತ್ತೂ ಹೆಚ್ಚೇ ಹೇಳುತ್ತಾರೆ. ನೂರು ಗಂಟೆ ಪರೀಕ್ಷೆಯ ಬೆಂಚಿನ ಮೇಲೆ ಓಡಿಸಿ ನೋಡದೆ ಸಾವಿರಗಟ್ಟಲೆ ಆರ್ಡರ್ ಕೊಟ್ಟದ್ದು ಯಾರು? ಆಗ ವಿಮಾನ ಸರಬರಾಜಿನ ಹೊಣೆ ಹೊತ್ತಿದ್ದವರು ಸರ್ ವಿಲಿಯಂ ವೀರ್. ಇದು ಸರಳ ಎಂಜಿನ್, ಭಾಗ ಕಡಿಮೆ, ಮಿಷಿನ್ ಕೆಲಸ ಸುಲಭ, ಯಾವ ಮೋಟಾರು ಕಾರ್ಖಾನೆಯೂ ಮಾಡಬಲ್ಲದು ಅನ್ನುವುದು ಅಲ್ಲಿ ಒಪ್ಪಿಗೆಯಾದ ಮಾತು. ಉತ್ಪಾದನೆಗೆ ಸುಲಭ ಅನ್ನುವುದೂ ಎಂಜಿನ್ ಒಳ್ಳೆಯದು ಅನ್ನುವುದೂ ಎರಡು ಬೇರೆ ಮಾತು.

ಹೊಳೆದಂಡೆ
ಕಡತ ಅವರೇ, 1917ರ ಕೊನೆಯ ಪರಿಸ್ಥಿತಿ ನೋಡದೆ ವೀರ್ ಅವರನ್ನು ದೂರಬೇಡಿ. ಬೇರೆ ಎಂಜಿನ್‌ಗಳ ಗತಿ ಏನಾಗಿತ್ತು ಗೊತ್ತಲ್ಲ?

ಎಸ್.ಇ.5ಎ ಫೈಟರ್ ವಿಮಾನಕ್ಕೆ 200 ಎಚ್‌ಪಿಯ ಗಿಯರಿನ ಹಿಸ್ಪಾನೊ-ಸೂಯಿಝಾ ಬೇಕಿತ್ತು. ಫ್ರಾನ್ಸಿನ ಬ್ರಾಸಿಯೆ ಕಂಪನಿಯಿಂದ ಬಂದವುಗಳಲ್ಲಿ ರಿಡಕ್ಷನ್ ಗಿಯರ್ (ಪ್ರೊಪೆಲ್ಲರಿನ ಸುತ್ತು ಇಳಿಸುವ ಗಿಯರ್) ಸರಿಯಾಗಿ ಹಾರ್ಡನಿಂಗ್ ಆಗಿರಲಿಲ್ಲ. ಅಷ್ಟಾದರೂ ಬೇರೆ ದಾರಿ ಇಲ್ಲದೆ ಅವನ್ನೇ ಹಾಕಿ ಹಾರಿಸಿದರು. 1918ರ ಆರಂಭದಲ್ಲಿ ನೂರಾರು ಎಸ್.ಇ.5ಎ ಒಡಲುಗಳು ಎಂಜಿನ್ ಇಲ್ಲದೆ ಗೋದಾಮಿನಲ್ಲಿ ಕೂತಿದ್ದವು. ಗಿಯರ್ ತೆಗೆದು ನೇರ ಡ್ರೈವ್ ಮಾಡಿದ ವುಲ್ಸ್‌ಲಿ ವೈಪರ್ ಬಂದ ಮೇಲೇ ಉಸಿರಾಡಿದ್ದು.

ಸನ್‌ಬೀಮ್ ಅರಬ್: ಬ್ರಿಸ್ಟಲ್ ಫೈಟರ್‌ಗೆ ಅಂತ ರಾಶಿ ಆರ್ಡರ್. ಕಂಪನ ಹೋಗಲೇ ಇಲ್ಲ.

ಸಿಡ್ಲಿ ಪ್ಯೂಮಾ: ಆರು ಸಿಲಿಂಡರ್, 18.8 ಲೀಟರ್. 300 ಎಚ್‌ಪಿ ಅಂದದ್ದು 230ಕ್ಕೆ ಇಳಿಯಿತು. ಅದನ್ನು ಹೊತ್ತ ಡಿ.ಎಚ್.9 ಬಾಂಬರ್ ತನ್ನ ಅಣ್ಣ ಡಿ.ಎಚ್.4ಗಿಂತ ಹಿಂದೆ ಬಿತ್ತು. 1917ರ ನವೆಂಬರಿನಲ್ಲಿ ಫ್ರಾನ್ಸಿನಲ್ಲಿದ್ದ ಬ್ರಿಟಿಷ್ ವಾಯುದಳದ ಮುಖ್ಯಸ್ಥ ಟ್ರೆಂಚರ್ಡ್ ಆಕ್ಷೇಪ ಎತ್ತಿದಾಗಲೂ ಸಿಕ್ಕ ಉತ್ತರ ಒಂದೇ: ಈ ಎಂಜಿನ್ನಿನ ಡಿ.ಎಚ್.9, ಇಲ್ಲದಿದ್ದರೆ ಏನೂ ಇಲ್ಲ.

ಒಳ್ಳೆಯದು ಅಂತ ಉಳಿದದ್ದು ರೋಲ್ಸ್-ರಾಯ್ಸ್ ಈಗಲ್ ಮತ್ತು ಫಾಲ್ಕನ್. ಅವು ಬೇಕಾದಷ್ಟು ಸಂಖ್ಯೆಯಲ್ಲಿ ಬರುತ್ತಿರಲಿಲ್ಲ.

ಲೇತ್‌ಮನೆ
ಈಗಲ್ ಯಾಕೆ ಬರುತ್ತಿರಲಿಲ್ಲ ಅನ್ನುವುದೂ ಹೇಳಬೇಕು. ಅದರ 12 ಸಿಲಿಂಡರ್‌ಗಳು ಬಿಡಿಬಿಡಿ. ಪ್ರತಿಯೊಂದೂ ಉಕ್ಕಿನ ಫೋರ್ಜಿಂಗ್‌ನಿಂದ ಕಡೆದದ್ದು, ಅದರ ಸುತ್ತ ತೆಳು ಉಕ್ಕಿನ ತಗಡಿನ ನೀರಿನ ಜಾಕೆಟ್, ಆ ಜಾಕೆಟ್‌ಗೆ ಕೈಯಲ್ಲಿ ಗ್ಯಾಸ್ ವೆಲ್ಡಿಂಗ್. ಬೆಸುಗೆ ಕೆಟ್ಟರೆ ನೀರು ಸೋರುತ್ತದೆ. ಬೆಂಕಿ ಹೆಚ್ಚಾದರೆ ಸಿಲಿಂಡರ್ ಸೊಟ್ಟಗಾಗುತ್ತದೆ. ನುರಿತ ವೆಲ್ಡರ್ ಇಲ್ಲದ ಕಡೆ ಆಗುವ ಕೆಲಸವಲ್ಲ. ಅದಕ್ಕೇ ರೋಲ್ಸ್-ರಾಯ್ಸ್ ಬೇರೆಯವರಿಗೆ ಪೂರ್ತಿ ಎಂಜಿನ್ ಮಾಡಲು ಕೊಡಲು ಹಿಂಜರಿಯಿತು. ಬ್ರಿಸ್ಟಲ್ ಊರಿನ ಬ್ರೆಜಿಲ್ ಸ್ಟ್ರೇಕರ್ ಒಬ್ಬರಿಗೆ ಹಾಕ್ ಮತ್ತು ಫಾಲ್ಕನ್ ಮಾಡಲು ಬಿಟ್ಟಿತು. ಅಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದವರು ರಾಯ್ ಫೆಡನ್. ಹೆಸರು ನೆನಪಿಡಿ, ಮುಂದೆ ಬರುತ್ತದೆ.

ಪ್ಯೂಮಾದ ತೊಂದರೆ ಬೇರೆ ಜಾತಿಯದು. ಅದು ಎರಕ. ಅಲ್ಯೂಮಿನಿಯಂ ಬ್ಲಾಕ್ ಎರಕ ಹೊಯ್ದಾಗ ಒಳಗೆ ಗಾಳಿಗುಳ್ಳೆ, ಸೂಜಿರಂಧ್ರ. ಹೊರಗಿನಿಂದ ಚೆಂದ ಕಾಣುತ್ತದೆ, ಮಿಷಿನಿಂಗ್ ಎಲ್ಲ ಮುಗಿದ ಮೇಲೆ ನೀರಿನ ಒತ್ತಡ ಕೊಟ್ಟು ನೋಡಿದರೆ ಬೆವರಿದ ಹಾಗೆ ಜಿನುಗುತ್ತದೆ. ಅಷ್ಟು ಹೊತ್ತಿಗೆ ಆ ಬ್ಲಾಕ್ ಮೇಲೆ ಹಾಕಿದ ಕೂಲಿಯೆಲ್ಲ ನೀರುಪಾಲು. ಶುರುವಿನ ತಿಂಗಳುಗಳಲ್ಲಿ ಬಹುಪಾಲು ಬ್ಲಾಕ್‌ಗಳು ತಿರಸ್ಕಾರವಾದವು.

ಕಡತ
ಹೊಳೆದಂಡೆ ಮೇಡಂ, ನೀವು ಹೇಳಿದ್ದೇ ನನ್ನ ವಾದಕ್ಕೆ ಬಲ. ಅರಬ್ ಕೈಕೊಟ್ಟದ್ದು ಪರೀಕ್ಷೆ ಮುಗಿಯುವ ಮೊದಲೇ ಆರ್ಡರ್ ಕೊಟ್ಟದ್ದರಿಂದ. ಪ್ಯೂಮಾ ಕೂಡ ಅದೇ. ಎರಡು ಸಲ ಸುಟ್ಟುಕೊಂಡವರು ಮೂರನೇ ಸಲ ಎಲ್ಲ ಗಂಟನ್ನೂ ಒಂದೇ ಕಡೆ ಇಟ್ಟರು. ಯುದ್ಧ 1919ಕ್ಕೂ ಹೋಗಿದ್ದರೆ ಹೊಸ ಫೈಟರ್‌ಗಳಿಗೆ ಎಂಜಿನ್ನೇ ಇರುತ್ತಿರಲಿಲ್ಲ. ನ್ಯೂಪೋರ್ಟ್ ನೈಟ್‌ಹಾಕ್, ಸಾಪ್‌ವಿತ್ ಡ್ರ್ಯಾಗನ್, ಸಾಪ್‌ವಿತ್ ಸ್ನಾಪರ್, ಸಿಡ್ಲಿ ಸಿಸ್ಕಿನ್, ವೆಸ್ಟ್‌ಲ್ಯಾಂಡ್ ವೀಸಲ್, ಎಲ್ಲವೂ ಡ್ರ್ಯಾಗನ್‌ಫ್ಲೈಗೆ ಕಾದು ಕೂತವು.

ಹೊಳೆದಂಡೆ
ಮೂರನೇ ಸಲದ್ದು ಒಪ್ಪಿದೆ. ಆದರೆ ನೂರು ಗಂಟೆ ಬೆಂಚ್ ಪರೀಕ್ಷೆ ಮಾಡಿ, ದೋಷ ತಿದ್ದಿ, ಮತ್ತೆ ನೂರು ಗಂಟೆ ಅಂತ ಹೊರಟರೆ ಆರೇಳು ತಿಂಗಳು. ಟೂಲಿಂಗ್, ಜಿಗ್, ಗೇಜ್ ಮಾಡಲು ಇನ್ನಷ್ಟು. ಆರ್ಡರ್ ಕೊಟ್ಟದ್ದು ತಪ್ಪಲ್ಲ, ಇದೊಂದನ್ನೇ ನಂಬಿ ಎರಡನೆಯದನ್ನು ಕೈಯಲ್ಲಿ ಇಟ್ಟುಕೊಳ್ಳದಿದ್ದದ್ದು ತಪ್ಪು.

ಫಿನ್‌ಲೆಕ್ಕ
ಕ್ರ್ಯಾಂಕ್ ಬಗ್ಗೆ ಇಷ್ಟು ಮಾತಾಡಿ ಸಿಲಿಂಡರ್ ಬಿಟ್ಟರೆ ಹೇಗೆ? ಕ್ರ್ಯಾಂಕ್ ಸರಿ ಮಾಡಿದ್ದರೂ ಅದು ಉಳಿಯುತ್ತಿರಲಿಲ್ಲ. ಸಿಲಿಂಡರ್‌ಗಳು ಕಾದು ಕಡುಗೆಂಪಾಗುತ್ತಿದ್ದವು.

ಬ್ರಾಡ್‌ಶಾ ಮಾಡಿದ್ದು ಏನಂದರೆ, ಉಕ್ಕಿನ ಸಿಲಿಂಡರಿನ ಮೇಲೆ ಉಕ್ಕಿನದೇ ಫಿನ್ (ಶಾಖವನ್ನು ಗಾಳಿಗೆ ಬಿಡುವ ತೆಳು ಅಂಚುಗಳು) ಕಡೆದು ಅದಕ್ಕೆ ತಾಮ್ರದ ಲೇಪನ ಕೊಟ್ಟದ್ದು. ತಾಮ್ರ ಉಕ್ಕಿಗಿಂತ ಏಳೆಂಟು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ನಿಜ. ಆದರೆ ಶಾಖ ಫಿನ್ನಿನ ಬುಡದಿಂದ ತುದಿಗೆ ಹೋಗಬೇಕಾದದ್ದು ಫಿನ್ನಿನ ದಪ್ಪದ ಮೂಲಕ. ಎಲೆಕ್ಟ್ರೋಪ್ಲೇಟಿಂಗ್ ಪದರ ಕೂದಲೆಳೆಯಷ್ಟು ತೆಳು. ಅಷ್ಟು ತೆಳು ತಾಮ್ರದಲ್ಲಿ ಎಷ್ಟು ಶಾಖ ಹರಿದೀತು? ತಾಮ್ರದ ತಳದ ಪಾತ್ರೆಗೂ ತಾಮ್ರದ ಬಣ್ಣ ಬಳಿದ ಪಾತ್ರೆಗೂ ಇರುವ ವ್ಯತ್ಯಾಸ ಇದು.

ಅದಕ್ಕಿಂತ ದೊಡ್ಡ ಕೊರತೆ ಹೆಡ್‌ನಲ್ಲಿ, ಅಂದರೆ ಸಿಲಿಂಡರಿನ ತಲೆಯಲ್ಲಿ. ಶಾಖ ಹುಟ್ಟುವುದು ಎಕ್ಸಾಸ್ಟ್ ವಾಲ್ವ್ ಸುತ್ತ. ಅಲ್ಲಿಂದ ಶಾಖ ಹೊರಬರಲು ದಪ್ಪ ಲೋಹದ ದಾರಿ ಬೇಕು, ಒತ್ತೊತ್ತಾಗಿ ಫಿನ್ ಬೇಕು. ಇದನ್ನೆಲ್ಲ ಅಳೆದು ಬರೆದವರು ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿಯಲ್ಲಿದ್ದ ಪ್ರೊಫೆಸರ್ ಎ.ಎಚ್. ಗಿಬ್ಸನ್ ಮತ್ತು ಸ್ಯಾಮ್ ಹೆರಾನ್. ಅಲ್ಯೂಮಿನಿಯಂ ಹೆಡ್ ಎರಕ ಹೊಯ್ದು ಅದರೊಳಗೆ ಉಕ್ಕಿನ ಬ್ಯಾರೆಲ್ ಕೂರಿಸುವುದು ಅವರ ದಾರಿ. ಮುಂದೆ ಎಲ್ಲ ರೇಡಿಯಲ್‌ಗಳೂ ಅದೇ ದಾರಿಗೆ ಬಂದವು. ಇದೇ ಹೆರಾನ್ ಆಮೇಲೆ ಅಮೆರಿಕಕ್ಕೆ ಹೋಗಿ ಸೋಡಿಯಂ ತುಂಬಿದ ವಾಲ್ವ್ ಮಾಡಿದರು.

ಗಾಳಿಪಟ_73
ಅಂದರೆ ಸರ್ಕಾರದ್ದೇ ಫ್ಯಾಕ್ಟರಿಯಲ್ಲಿ ಸರಿಯಾದ ಉತ್ತರ ಇತ್ತು, ಆರ್ಡರ್ ಮಾತ್ರ ಬೇರೆ ಕಡೆ ಹೋಯಿತು?

ಕಡತ
ಹೌದು. 1916ರ ವಿಚಾರಣೆಗಳ ಗದ್ದಲದಲ್ಲಿ ಆ ಫ್ಯಾಕ್ಟರಿಯ ಸೂಪರಿಂಟೆಂಡೆಂಟ್ ಮರ್ವಿನ್ ಓಗಾರ್ಮನ್ ಹೊರಹೋದರು. ಎಫ್.ಎಂ. ಗ್ರೀನ್, ಹೆರಾನ್ ಮುಂತಾದವರು ಕವೆಂಟ್ರಿಯ ಸಿಡ್ಲಿ-ಡೀಸಿ ಸೇರಿಕೊಂಡರು. ಅವರ ಜೊತೆ ಹೋದ 14 ಸಿಲಿಂಡರಿನ ಆರ್.ಎ.ಎಫ್.8 ವಿನ್ಯಾಸವೇ ಮುಂದೆ ಜಾಗ್ವಾರ್ ಆಯಿತು. ಆದರೆ ಅಲ್ಲಿ ಪ್ಯೂಮಾದ ಒತ್ತಡ, ಇದು ಬದಿಗೆ ಸರಿಯಿತು.

ಸ್ಲೈಡ್‌ರೂಲ್
ಜಾಗ್ವಾರ್ ಕೂಡ ಸಾಧುವಲ್ಲ. ಎರಡು ಸಾಲಿನ ನಡುವೆ ಕ್ರ್ಯಾಂಕ್‌ಗೆ ಬೇರಿಂಗ್ ಇರಲಿಲ್ಲ. ತಿರುಚು ಕಂಪನ ಅದನ್ನೂ ಕಾಡಿತು.

ಪುಟ್ಟಪ್ರೊಪೆಲ್ಲರ್
ಆಗ ತಿರುಚು ಕಂಪನ ಯಾರಿಗೂ ಗೊತ್ತೇ ಇರಲಿಲ್ಲವಾ? ಹಾಗಿದ್ದರೆ ಬ್ರಾಡ್‌ಶಾರನ್ನು ಬೈಯುವುದು ನ್ಯಾಯವಲ್ಲ.

ಹಳೇಸ್ಪ್ಯಾನರ್
ಗೊತ್ತಿತ್ತು, ತಮ್ಮಾ. ಆರು ಸಿಲಿಂಡರಿನ ಕಾರ್ ಎಂಜಿನ್‌ನ ಉದ್ದ ಕ್ರ್ಯಾಂಕ್ ನಡುಗುವುದನ್ನು ತಡೆಯಲು ಫ್ರೆಡರಿಕ್ ಲ್ಯಾಂಚೆಸ್ಟರ್ ಯುದ್ಧಕ್ಕೆ ಮೊದಲೇ ಡ್ಯಾಂಪರ್ ಮಾಡಿದ್ದರು. ಕ್ರ್ಯಾಂಕ್ ತುದಿಗೆ ಒಂದು ಭಾರದ ಚಕ್ರ, ಅದಕ್ಕೂ ಶಾಫ್ಟಿಗೂ ನಡುವೆ ಉಜ್ಜುವ ತಟ್ಟೆಗಳು. ಶಾಫ್ಟ್ ನಡುಗಿದರೆ ತಟ್ಟೆ ಜಾರಿ ಆ ಶಕ್ತಿಯನ್ನು ಶಾಖ ಮಾಡಿ ಕಳೆಯುತ್ತದೆ. ಅದೇ ಲ್ಯಾಂಚೆಸ್ಟರ್ ಸರ್ಕಾರದ ವಿಮಾನಯಾನ ಸಲಹಾ ಸಮಿತಿಯಲ್ಲೂ ಇದ್ದರು.

ಆದರೆ ಎಲ್ಲರ ಮನಸ್ಸಿನಲ್ಲಿದ್ದದ್ದು ಉದ್ದ ಶಾಫ್ಟ್ ಮಾತ್ರ. ರೇಡಿಯಲ್‌ನದು ಒಂದೇ ಥ್ರೋ (ಕ್ರ್ಯಾಂಕಿನ ಒಂದೇ ಬಾಗು), ಗಿಡ್ಡ, ಗಟ್ಟಿ, ಅದೇಕೆ ತಿರುಚೀತು ಅಂದುಕೊಂಡರು. ಪ್ರೊಪೆಲ್ಲರಿನ ಜಡತ್ವವನ್ನು ಲೆಕ್ಕಕ್ಕೆ ತರಲಿಲ್ಲ. ರೇಡಿಯಲ್‌ಗೆ ಸರಿಯಾದ ಮದ್ದು ಸಿಕ್ಕಿದ್ದು 1930ರ ದಶಕದಲ್ಲಿ, ಕೌಂಟರ್‌ವೇಯ್ಟನ್ನೇ ಲೋಲಕದ ಹಾಗೆ ತೂಗಾಡಲು ಬಿಟ್ಟಾಗ.

ಲೇತ್‌ಮನೆ
ಮುರಿದ ಶಾಫ್ಟ್ ಕೈಗೆ ಸಿಕ್ಕರೆ ಕಾರಣ ಓದುವುದು ಹೀಗೆ. ಬಾಗಿ ಬಾಗಿ ಬಳಲಿ ಮುರಿದದ್ದಾದರೆ ಮುರಿದ ಮುಖ ಶಾಫ್ಟಿಗೆ ಅಡ್ಡಲಾಗಿ ಚಪ್ಪಟೆ, ಅದರ ಮೇಲೆ ಕೆರೆಯ ನೀರು ಇಳಿದ ದಡದ ಹಾಗೆ ಗೆರೆಗಳು. ತಿರುಚಿ ಬಳಲಿದ್ದಾದರೆ ಬಿರುಕು 45 ಡಿಗ್ರಿಯಲ್ಲಿ ಸುತ್ತಿಕೊಂಡು ಹೋಗುತ್ತದೆ. ಶುರುವಾಗುವುದು ಸಾಮಾನ್ಯವಾಗಿ ಎಣ್ಣೆ ರಂಧ್ರದ ಅಂಚಿನಲ್ಲಿ, ಕೀವೇ ಮೂಲೆಯಲ್ಲಿ, ಇಲ್ಲವೇ ಜರ್ನಲ್ (ಬೇರಿಂಗಿನಲ್ಲಿ ಕೂರುವ ದುಂಡು ಭಾಗ) ಮತ್ತು ವೆಬ್ (ಅದರ ಪಕ್ಕದ ತೋಳು) ಸೇರುವ ಮೂಲೆಯಲ್ಲಿ. ಅದಕ್ಕೇ ಆ ಮೂಲೆಗೆ ದುಂಡು ಕೊಡಬೇಕು, ಎಣ್ಣೆ ರಂಧ್ರದ ಬಾಯಿ ಸವರಿ ಪಾಲಿಷ್ ಮಾಡಬೇಕು. ಟೂಲ್ ಗುರುತು ಒಂದು ಉಳಿದರೂ ಬಿರುಕಿಗೆ ಅದೇ ಬಾಗಿಲು.

ಧಾರವಾಡ_ಗ್ಯಾರೇಜ್
ಎಲ್ಲಾರೂ ರೋಟರಿ ಮುಗೀತು ಅಂತೀರಿ, ಅದರ ಎಣ್ಣಿ ಬಗ್ಗೆ ಒಬ್ಬರೂ ಮಾತಾಡವಲ್ಲಿರಿ. ಔಡಲ ಎಣ್ಣಿ ರೀ! ನಮ್ಮ ಕಡೆ ಹೊಲದ ಬದುವಿನ ಮ್ಯಾಲ ಬೆಳೆಯೋ ಔಡಲ. ಯುದ್ಧದ ಹೊತ್ತಿನ್ಯಾಗ ಜಗತ್ತಿಗೆ ಔಡಲ ಬೀಜ ಹೆಚ್ಚು ಹೋಗತಿದ್ದದ್ದು ಭಾರತದಿಂದನ.

ಪುಟ್ಟಪ್ರೊಪೆಲ್ಲರ್
ಹರಳೆಣ್ಣೆಯೇ? ಭೇದಿಗೆ ಕೊಡುವುದು?

ಧಾರವಾಡ_ಗ್ಯಾರೇಜ್
ಹೌದ್ರಿ ಅದನ. ಕಾರಣ ಕೇಳ್ರಿ. ರೋಟರಿಯೊಳಗ ಪೆಟ್ರೋಲು ಗಾಳಿ ಕೂಡಿದ ಹವಾ ಟೊಳ್ಳು ಕ್ರ್ಯಾಂಕ್‌ಶಾಫ್ಟ್ ಒಳಗಿಂದ ಹಾದು ಕ್ರ್ಯಾಂಕ್‌ಕೇಸಿಗೇ ಬರತದ, ಆಮ್ಯಾಲ ಸಿಲಿಂಡರಿಗೆ ಹೋಗತದ. ಮಾಮೂಲಿ ಖನಿಜ ಎಣ್ಣಿ ಹಾಕಿದ್ರ ಪೆಟ್ರೋಲು ಅದನ್ನ ತೊಳದು ಒಯ್ದು ಬಿಡತದ, ಬೇರಿಂಗ್ ಒಣಗತಾವ. ಔಡಲ ಎಣ್ಣಿ ಪೆಟ್ರೋಲಿನ್ಯಾಗ ಹಂಗ ಕರಗಂಗಿಲ್ಲ. ಕೆಲಸ ಮುಗಿದ ಎಣ್ಣಿ ವಾಪಸ್ ಟಾಕಿಗೆ ಬರಂಗಿಲ್ಲ, ಎಕ್ಸಾಸ್ಟ್ ಜೋಡಿ ಹೊರಗ. ಪೈಲಟ್ ಮಾರಿ ಮ್ಯಾಲ, ರೆಕ್ಕಿ ಮ್ಯಾಲ, ಎಲ್ಲಾ ಕಡೆ.

ಎಣ್ಣಿ ತಣ್ಣಗ ಹಿಂಡಿದ್ದ ಇರಬೇಕು, ಹುಳಿ ಅಂಶ ಕಡಿಮಿ ಇರಬೇಕು. ಬೀಜ ಹುರದು ಕುದಿಸಿ ತಗದ ಎಣ್ಣಿ ನಡಿಯಂಗಿಲ್ಲ. ಹಾರಿ ಬಂದ ಮ್ಯಾಲ ಒರಸದ ಬಿಟ್ರ ಗೋಂದಿನಂಗ ಗಟ್ಟಿ ಆಗತದ.

ಫಿನ್‌ಲೆಕ್ಕ
ಇದಕ್ಕೆ ಒಂದು ಎಚ್ಚರಿಕೆ ಸೇರಿಸಬೇಕು. ಹರಳೆಣ್ಣೆ ಪೆಟ್ರೋಲಿನಲ್ಲಿ ಸುಲಭವಾಗಿ ಬೆರೆಯದಿದ್ದರೂ ಆಲ್ಕೋಹಾಲಿನಲ್ಲಿ ಚೆನ್ನಾಗಿ ಬೆರೆಯುತ್ತದೆ. ಈಗ ನಮ್ಮ ಬಂಕ್‌ಗಳಲ್ಲಿ ಸಿಗುವ ಎಥನಾಲ್ ಬೆರೆಸಿದ ಪೆಟ್ರೋಲನ್ನು ಹಳೆಯ ರೋಟರಿಗೆ ಹಾಕಿದರೆ ಹರಳೆಣ್ಣೆ ಆರಿಸಿದ ಉದ್ದೇಶವೇ ಹಾಳು.

ಚಕ್ರವ್ಯೂಹ
ರೋಟರಿಗಳಲ್ಲೂ ಬೆಂಟ್ಲಿ ಮಾಡಿದ ಬದಲಾವಣೆ ದೊಡ್ಡದು, ಯಾರೂ ಹೇಳಲಿಲ್ಲ. ಸುತ್ತುವಾಗ ಸಿಲಿಂಡರಿನ ಮುಂದಿನ ಮಗ್ಗುಲು ತಣ್ಣಗೆ, ಹಿಂದಿನ ಮಗ್ಗುಲು ಬಿಸಿ. ಹಾಗಾಗಿ ಉಕ್ಕಿನ ತೆಳು ಸಿಲಿಂಡರ್ ದುಂಡಗೆ ಉಳಿಯುವುದಿಲ್ಲ. ಅದಕ್ಕೆ ಕ್ಲರ್ಜೆಯಲ್ಲಿ ತೆಳು ಹಿತ್ತಾಳೆಯಂಥ ಲೋಹದ ಅಬ್ಚುರೇಟರ್ ರಿಂಗ್ (ಸಂದು ಮುಚ್ಚುವ ಪಿಸ್ಟನ್ ರಿಂಗ್) ಹಾಕುತ್ತಿದ್ದರು. ಆ ರಿಂಗ್ ಬೇಗ ಸವೆದು ಮುರಿಯುತ್ತಿತ್ತು. ಮುರಿದರೆ ಬಿಸಿ ಅನಿಲ ಕೆಳಗಿಳಿದು ಪಿಸ್ಟನ್ ಹಿಡಿದುಕೊಳ್ಳುತ್ತಿತ್ತು. ಬೆಂಟ್ಲಿ ಅಲ್ಯೂಮಿನಿಯಂ ಸಿಲಿಂಡರ್ ಮಾಡಿ ಒಳಗೆ ಬೀಡುಕಬ್ಬಿಣದ ಲೈನರ್ ಕೂರಿಸಿದರು, ಪಿಸ್ಟನ್ ಕೂಡ ಅಲ್ಯೂಮಿನಿಯಂ. ಶಾಖ ಸುತ್ತಲೂ ಸಮನಾಗಿ ಹರಡಿತು, ಆ ರಿಂಗೇ ಬೇಡವಾಯಿತು. ಬೆಲೆಯೂ ಇಳಿಯಿತು: ಕ್ಲರ್ಜೆ 900 ಪೌಂಡ್ ದಾಟುತ್ತಿತ್ತು, ಬೆಂಟ್ಲಿಯ ಮೊದಲ ರೋಟರಿ ಬಿ.ಆರ್.1 600ರ ಆಸುಪಾಸು.

ಹೊಳೆದಂಡೆ
ಚಕ್ರವ್ಯೂಹ ಸರ್, "ಹಿತ್ತಾಳೆಯಂಥ" ಬೇಡ, ಅದು ಕಂಚು.

ಚಕ್ರವ್ಯೂಹ
ಸರಿ, ಕಂಚು. ತಿದ್ದಿಕೊಂಡೆ.

ರೆಕ್ಕೆಹೊಲಿಗೆ
ಎಂಜಿನ್ ಬಿಟ್ಟು ಬೇರೇನೂ ಇಲ್ಲವೇ ಇಲ್ಲಿ? ಆ ಗೋದಾಮಿನಲ್ಲಿ ಎಂಜಿನ್‌ಗೆ ಕಾದ ಒಡಲುಗಳ ಬಟ್ಟೆಯ ಕಥೆಯೂ ಕೇಳಿ.

ರೆಕ್ಕೆಗೆ ಐರಿಷ್ ಲಿನನ್, ಚದರ ಗಜಕ್ಕೆ ಸುಮಾರು 4 ಔನ್ಸ್. ಮೊದಲು ಬಟ್ಟೆಯನ್ನು ಕೈಬಿಗಿಯಲ್ಲಿ ಎಳೆದು ಹೊಲಿಯಬೇಕು, ತಮಟೆಯ ಬಿಗಿ ಬೇಡ. ಆಮೇಲೆ ಪಕ್ಕೆಲುಬುಗಳ ಮೇಲೆ ಲಿನನ್ ದಾರದಲ್ಲಿ ಒಂದೊಂದೇ ಗಂಟು ಹಾಕಿ ಬಿಗಿಯಬೇಕು. ನಂತರ ಡೋಪ್ (ಬಟ್ಟೆ ಬಿಗಿಯಲು ಬಳಿಯುವ ಸೆಲ್ಯುಲೋಸ್ ದ್ರಾವಣ), ನಾಲ್ಕೈದು ಕೋಟ್. ಮೊದಲ ಕೋಟನ್ನು ಬ್ರಷ್‌ನಿಂದ ನೇಯ್ಗೆಯೊಳಗೆ ಇಳಿಯುವಂತೆ ತಿಕ್ಕಬೇಕು, ಮೇಲೆ ಮೇಲೆ ಬಳಿದರೆ ಸುಲಿದು ಬರುತ್ತದೆ. ಡೋಪ್ ಒಣಗುತ್ತಾ ಬಟ್ಟೆಯನ್ನು ತಾನೇ ಬಿಗಿಯುತ್ತದೆ. ಮೊದಲೇ ತಮಟೆಯ ಹಾಗೆ ಎಳೆದಿದ್ದರೆ ಈಗ ಹಿಂದಿನ ಅಂಚು ಬಾಗುತ್ತದೆ.

ಕೋಣೆ 70 ಡಿಗ್ರಿ ಫ್ಯಾರನ್‌ಹೀಟ್ ಸುಮಾರಿಗೆ ಬೆಚ್ಚಗೆ, ಒಣಗಿರಬೇಕು. ತೇವ ಇದ್ದರೆ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ನೀರು ಕೂರುತ್ತದೆ, ಸೆಲ್ಯುಲೋಸ್ ಬೆಳ್ಳಗೆ ಒಡೆಯುತ್ತದೆ. ಬೆಳ್ಳಗಾದ ಜಾಗಕ್ಕೆ ಬಿಗಿಯೂ ಇಲ್ಲ, ಬಲವೂ ಇಲ್ಲ.

ಕೊನೆಗೆ ಪಿಸಿ10, ಆ ಕಂದುಹಸಿರು ಬಣ್ಣ. ಶತ್ರುವಿನ ಕಣ್ಣು ತಪ್ಪಿಸಲಷ್ಟೇ ಅಲ್ಲ, ಬಿಸಿಲಿನ ನೇರಳಾತೀತ ಕಿರಣ ಲಿನನ್ ಕೊಳೆಸುತ್ತದೆ, ಅದನ್ನು ತಡೆಯಲು. ಫಾರ್ನ್‌ಬರೋದಲ್ಲಿ ಡೋಪ್ ಮತ್ತು ಬಟ್ಟೆಯ ಕೆಲಸ ಮಾಡಿದವರಲ್ಲಿ ಎಫ್.ಡಬ್ಲ್ಯೂ. ಆಸ್ಟನ್ ಒಬ್ಬರು. 1922ರಲ್ಲಿ ಅವರಿಗೆ ನೊಬೆಲ್ ಬಂತು.

ಹೊಳೆದಂಡೆ
ಆ ಡೋಪ್ ಬಳಿದ ಹೆಣ್ಣುಮಕ್ಕಳನ್ನು ಮರೆಯಬೇಡಿ. ಮೊದಲಿನ ಡೋಪ್‌ನಲ್ಲಿ ಟೆಟ್ರಾಕ್ಲೋರೋಈಥೇನ್ ಇತ್ತು. ಉಸಿರಾಡಿದವರಿಗೆ ಕಾಮಾಲೆ, ಯಕೃತ್ತು ಹಾಳು, ಸಾವೂ ಆಯಿತು. ಅದರ ಆವಿ ಗಾಳಿಗಿಂತ ಐದು ಪಟ್ಟಿಗೂ ಹೆಚ್ಚು ಭಾರ. ಕಿಟಕಿ ತೆಗೆದರೆ, ಚಾವಣಿಗೆ ಫ್ಯಾನ್ ಹಾಕಿದರೆ ಹೋಗುವುದಿಲ್ಲ, ನೆಲಮಟ್ಟದಲ್ಲಿ ಎಳೆದು ಹೊರಹಾಕಬೇಕು. ಯುದ್ಧದ ನಡುವೆಯೇ ಆ ದ್ರಾವಕವನ್ನು ಕೈಬಿಡಬೇಕಾಯಿತು. ಎಂಜಿನ್ ಕೈಕೊಟ್ಟರೆ ವರದಿ ಬರೆಯುತ್ತಾರೆ. ಇವರ ಹೆಸರು ಎಷ್ಟು ಕಡೆ ಬರೆದಿದ್ದಾರೆ?

ರೆಕ್ಕೆಹೊಲಿಗೆ
ನಿಜ ಮೇಡಂ. ಇದಕ್ಕೇ ಬೇರೆ ಚರ್ಚೆ ತೆರೆಯೋಣ.

ನಿರ್ವಾಹಕ
ತೆರೆದಿದ್ದೇನೆ. ಡೋಪ್ ಮಾತು ಅಲ್ಲಿ ಮುಂದುವರಿಸಿ, ಇಲ್ಲಿ ಡ್ರ್ಯಾಗನ್‌ಫ್ಲೈ ಸಾಕು.

ಗಾಳಿಪಟ_73
ಲೇತ್‌ಮನೆ ಅವರೇ, ಫೆಡನ್ ಹೆಸರು ನೆನಪಿಡಿ ಅಂದಿದ್ದಿರಿ.

ಲೇತ್‌ಮನೆ
ಹೌದು. ಬ್ರೆಜಿಲ್ ಸ್ಟ್ರೇಕರ್‌ನ ಎಂಜಿನ್ ವಿಭಾಗ ಕಾಸ್ಮಾಸ್ ಎಂಜಿನಿಯರಿಂಗ್ ಆಯಿತು. ಅಲ್ಲಿ ಫೆಡನ್ ಮಾಡಿದ 9 ಸಿಲಿಂಡರಿನ ಜುಪಿಟರ್ ಮೊದಲು ಓಡಿದ್ದು 1918ರ ಅಕ್ಟೋಬರಿನಲ್ಲಿ. ಅದೂ ಡ್ರ್ಯಾಗನ್‌ಫ್ಲೈ ಹಾಗೇ ರೇಡಿಯಲ್. ಕಾಸ್ಮಾಸ್ 1920ರಲ್ಲಿ ದಿವಾಳಿಯಾಯಿತು, ಬ್ರಿಸ್ಟಲ್ ಕಂಪನಿ ಕೊಂಡಿತು. 1921ರಲ್ಲಿ ಜುಪಿಟರ್ ಏರ್ ಮಿನಿಸ್ಟ್ರಿಯ ಟೈಪ್ ಟೆಸ್ಟ್ (ಮಾದರಿಗೆ ಒಪ್ಪಿಗೆ ಕೊಡುವ ಪರೀಕ್ಷೆ) ಪಾಸಾಯಿತು. ಅದಾದ ಮೇಲೆ ಫ್ರಾನ್ಸಿನ ನೋಮ್-ರೋನ್ ಅದರ ಪರವಾನಗಿ ಕೊಂಡಿತು. ರೋಟರಿ ಮಾಡಿ ಹೆಸರಾದ ಮನೆಯೇ ಬ್ರಿಸ್ಟಲ್‌ಗೆ ಬಂದು ರೇಡಿಯಲ್ ಕೇಳಿತು.

ಫಿನ್‌ಲೆಕ್ಕ
ಜುಪಿಟರ್‌ಗೂ ಶುರುವಿನಲ್ಲಿ ಹೆಡ್ ಕಾಯಿಲೆ ಇತ್ತು. ಉಕ್ಕಿನ ಸಿಲಿಂಡರಿನ ಮುಚ್ಚಿದ ತಲೆಯ ಮೇಲೆ ಅಲ್ಯೂಮಿನಿಯಂ ಟೋಪಿಯನ್ನು ಬೋಲ್ಟ್ ಹಾಕಿ ಕೂರಿಸಿದ್ದರು. ಬಿಸಿಗೆ ಎರಡೂ ಬೇರೆ ಬೇರೆ ಅಳತೆಗೆ ಹಿಗ್ಗಿ ನಡುವೆ ಸಂದು ಬಿದ್ದರೆ ಶಾಖ ದಾಟುವುದಿಲ್ಲ, ವಾಲ್ವ್ ಸುಡುತ್ತದೆ. ವ್ಯತ್ಯಾಸ ಇಷ್ಟೇ, ಅವರಿಗೆ ವರ್ಷಗಟ್ಟಲೆ ಬೆಂಚ್ ಮೇಲೆ ಓಡಿಸಿ ತಿದ್ದಲು ಸಮಯ ಸಿಕ್ಕಿತು.

ಕಡತ
ಅದೇ ನಾನು ಮೊದಲಿನಿಂದ ಹೇಳುತ್ತಿರುವುದು.

ಹಳೇಸ್ಪ್ಯಾನರ್
ಜುಪಿಟರ್ ನಮ್ಮ ಕಡೆಗೂ ಬಂತು. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಶುರುವಾದಾಗ ಇದ್ದ ನಾಲ್ಕು ವೆಸ್ಟ್‌ಲ್ಯಾಂಡ್ ವಾಪಿಟಿಗಳ ಮೂತಿಯಲ್ಲಿ ಜುಪಿಟರ್. ವಾಪಿಟಿಯ ವಿನ್ಯಾಸದಲ್ಲಿ ಉಳಿದಿದ್ದ ಡಿ.ಎಚ್.9ಎ ಭಾಗಗಳನ್ನು ಬಳಸಿಕೊಳ್ಳಬೇಕು ಅನ್ನುವುದು ಸರ್ಕಾರದ ಷರತ್ತು. ಪ್ಯೂಮಾ ಕೆಡಿಸಿದ ಡಿ.ಎಚ್.9ಗೆ ಅಮೆರಿಕದ ಲಿಬರ್ಟಿ ಎಂಜಿನ್ ಹಾಕಿ ಉದ್ಧಾರ ಮಾಡಿದ್ದೇ ಡಿ.ಎಚ್.9ಎ.

ಧಾರವಾಡ_ಗ್ಯಾರೇಜ್
ವೆಸ್ಟ್‌ಲ್ಯಾಂಡ್ ಅಂದ್ರ ಯೋವಿಲ್ ಊರಿನ ಪೆಟ್ಟರ್ ಅವರದ್ದಲ್ಲೇನ್ರಿ? ನೀರೆತ್ತೋ ಎಂಜಿನ್ ಪೆಟ್ಟರ್?

ಹಳೇಸ್ಪ್ಯಾನರ್
ಅವರೇ. ಪೆಟ್ಟರ್ಸ್ ಆಯಿಲ್ ಎಂಜಿನ್ ಮಾಡುತ್ತಿದ್ದವರು, 1915ರಲ್ಲಿ ವಿಮಾನಕ್ಕೆ ಇಳಿದರು. ನಮ್ಮಲ್ಲಿ ಲಿಸ್ಟರ್ ಮಾದರಿ, ಪೆಟ್ಟರ್ ಮಾದರಿ ಅಂತ ಡೀಸೆಲ್ ಎಂಜಿನ್ ಮಾರುತ್ತಾರಲ್ಲ, ಆ ಹೆಸರೇ. ಆ ಮನೆಯ ಮಗ ಡಬ್ಲ್ಯೂ.ಇ.ಡಬ್ಲ್ಯೂ. ಪೆಟ್ಟರ್ ಮುಂದೆ ಫಾಲಂಡ್ ಕಂಪನಿಯಲ್ಲಿ ನ್ಯಾಟ್ ವಿನ್ಯಾಸ ಮಾಡಿದರು, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಪರವಾನಗಿ ಮೇಲೆ ತಯಾರಾದ ನ್ಯಾಟ್. ಕಂಪನಿಗೆ ಹೆಸರು ಕೊಟ್ಟ ಹೆನ್ರಿ ಫಾಲಂಡ್ ಬೇರಾರೂ ಅಲ್ಲ, ಎಸ್.ಇ.5 ಮಾಡಿ, ಆಮೇಲೆ ಡ್ರ್ಯಾಗನ್‌ಫ್ಲೈ ನಂಬಿ ನೈಟ್‌ಹಾಕ್ ಮಾಡಿದವರು.

ಗಾಳಿಪಟ_73
ನೈಟ್‌ಹಾಕ್ ಒಡಲು ಹಾಗಾದರೆ ವ್ಯರ್ಥ ಹೋಯಿತೇ?

ಹೊಳೆದಂಡೆ
ಇಲ್ಲ. ಎಂಜಿನ್ ಓಡಿದಷ್ಟು ಹೊತ್ತು ಅದು ಗಂಟೆಗೆ 150 ಮೈಲಿ ಆಸುಪಾಸು ಹೋಗುತ್ತಿತ್ತು, ಒಡಲಿನಲ್ಲಿ ದೋಷ ಇರಲಿಲ್ಲ. ಫಾಲಂಡ್ ಅದನ್ನು ಗ್ಲಾಸ್ಟರ್‌ಗೆ ಒಯ್ದರು. ಜಾಗ್ವಾರ್, ಜುಪಿಟರ್ ಹಾಕಿ ನೋಡಿದರು, ಅದರಿಂದಲೇ ಜಾಗ್ವಾರ್ ಎಂಜಿನ್ನಿನ ಗ್ರೀಬ್ ಬಂತು. ಸಿಸ್ಕಿನ್ ಕೂಡ ಡ್ರ್ಯಾಗನ್‌ಫ್ಲೈ ಕಿತ್ತು ಜಾಗ್ವಾರ್ ಹಾಕಿದ ಮೇಲೆ ಸೇವೆಗೆ ಸೇರಿತು.

ಪುಟ್ಟಪ್ರೊಪೆಲ್ಲರ್
ಕೊನೆಯದಾಗಿ ಒಂದು. ಈ ಕಾಲದ ಬ್ರಿಟಿಷ್ ಎಂಜಿನ್, ಒಡಲಿನ ನಟ್ಟಿಗೆ ಯಾವ ಸ್ಪ್ಯಾನರ್? ಮೆಟ್ರಿಕ್ ಆಗಲ್ಲ ಅಲ್ವಾ?

ಲೇತ್‌ಮನೆ
ಆಗಲ್ಲ. ದೊಡ್ಡದಕ್ಕೆ ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್), ಚಿಕ್ಕದಕ್ಕೆ ಬಿಎ (ಬ್ರಿಟಿಷ್ ಅಸೋಸಿಯೇಷನ್). ಬಿಎಸ್‌ಎಫ್‌ನ ಮರೆ (ಬೋಲ್ಟಿನ ಸುರುಳಿ ಗೆರೆ) ಹಳೆಯ ಬ್ರಿಟಿಷ್ ಅಳತೆಯಾದ ವಿಟ್‌ವರ್ತ್‌ನ ಹಾಗೇ 55 ಡಿಗ್ರಿ, ಆದರೆ ಪಿಚ್ (ಎರಡು ಗೆರೆಗಳ ನಡುವಿನ ದೂರ) ಸಣ್ಣದು, ಕಂಪನಕ್ಕೆ ಬೇಗ ಸಡಿಲವಾಗುವುದಿಲ್ಲ. ಸ್ಪ್ಯಾನರ್ ಮೇಲಿನ ಅಂಕಿ ಬಾಯಿಯ ಅಗಲ ಅಲ್ಲ, ಬೋಲ್ಟಿನ ದಪ್ಪ. 1/4 ಬಿಎಸ್‌ಎಫ್ ತಲೆಗೆ 3/16 ವಿಟ್‌ವರ್ತ್ ಸ್ಪ್ಯಾನರ್ ಸರಿಹೋಗುತ್ತದೆ. ಮೆಟ್ರಿಕ್ ಸ್ಪ್ಯಾನರ್ ತುರುಕಿದರೆ ಮೂಲೆ ದುಂಡಾಗುತ್ತದೆ. ಬಿಎ ಕೂಡ 55 ಡಿಗ್ರಿಯೇ.

ಸ್ಲೈಡ್‌ರೂಲ್
ಬಿಎ 47.5 ಡಿಗ್ರಿ. ಅಳತೆ ಮೂಲ ಮೆಟ್ರಿಕ್: 0 ಬಿಎ ಅಂದರೆ 6 ಮಿ.ಮೀ. ದಪ್ಪ, 1 ಮಿ.ಮೀ. ಪಿಚ್. 2 ಬಿಎ 4.7 ಮಿ.ಮೀ., ಪಿಚ್ 0.81. ಹಾಗಂತ 0 ಬಿಎ ನಟ್ಟಿಗೆ 6 ಮಿ.ಮೀ. ಮೆಟ್ರಿಕ್ ಬೋಲ್ಟ್ ಹಾಕಬೇಡಿ. ಒಂದೆರಡು ಸುತ್ತು ಹೋಗುತ್ತದೆ, ಮರೆಯ ಕೋನ ಬೇರೆಯಾದ್ದರಿಂದ ಆಮೇಲೆ ಹಿಡಿಯುತ್ತದೆ.

ಲೇತ್‌ಮನೆ
47.5, ಸರಿ. ಮೇಲಿನದನ್ನು ಹಾಗೇ ಬಿಡುತ್ತೇನೆ, ಓದುವವರು ಇದನ್ನೂ ಓದಲಿ.